ಮೇಷ್ಟ್ರು ಹೊರಗೆ ಹೋದ ಐದು ನಿಮಿಷ

ಪಾಠ ಹೇಳಲು ಶುರು ಮಾಡಿದ ಮೊದಲ ವರ್ಷಗಳಲ್ಲಿ ನನಗೊಂದು ಗುಟ್ಟಿನ ಖುಷಿ ಇತ್ತು. ಪೀರಿಯಡ್ ಮಧ್ಯೆ ಯಾವುದೋ ಸಹಿಗೆ ಅಂತ ಆಫೀಸ್ ರೂಮಿಗೆ ಹೋಗಬೇಕಾಗುತ್ತಿತ್ತು. ವಾಪಸ್ ಬರುವಾಗ ಕಾರಿಡಾರಿನ ಆ ತುದಿಗೇ ನನ್ನ ಕ್ಲಾಸಿನ ಗದ್ದಲ ಕೇಳುತ್ತಿತ್ತು. ಸಂತೆ ಅಂದರೆ ಸಂತೆ. ನನ್ನ ಚಪ್ಪಲಿ ಸದ್ದು ಬಾಗಿಲಿಂದ ಹತ್ತು ಹೆಜ್ಜೆ ದೂರಕ್ಕೆ ಬಂದಿತೋ ಇಲ್ಲವೋ, ಯಾರೋ ಸ್ವಿಚ್ ಒತ್ತಿದ ಹಾಗೆ ಎಲ್ಲ ಗಪ್‌ಚಿಪ್. ಒಳಗೆ ಕಾಲಿಟ್ಟರೆ ಐವತ್ತು ತಲೆಗಳು ಪುಸ್ತಕದ ಮೇಲೆ ಬಗ್ಗಿರುತ್ತಿದ್ದವು. ನಾನು ಮುಖ ಗಂಟು ಹಾಕಿಕೊಂಡು "ಏನದು ಗಲಾಟೆ?" ಅನ್ನುತ್ತಿದ್ದೆ. ಒಳಗೊಳಗೇ ಎದೆ ಉಬ್ಬುತ್ತಿತ್ತು. ನನ್ನ ಚಪ್ಪಲಿಗೇ ಇಷ್ಟು ಬೆಲೆ ಇದೆಯಲ್ಲ!

ಒಂದು ದಿನ ಪಕ್ಕದ ಕ್ಲಾಸಿನ ಹಿರಿಯ ಮೇಡಂ ಕೂಡ ಅದೇ ಸಹಿಗೆ ಬಂದಿದ್ದರು. ಇಬ್ಬರೂ ಒಟ್ಟಿಗೇ ವಾಪಸ್ ಹೊರಟೆವು. ಅವರ ಕ್ಲಾಸಿನಲ್ಲೂ ಮಾತಿತ್ತು. ಜೇನುಗೂಡಿನ ಹತ್ತಿರ ನಿಂತ ಹಾಗೆ ಗುಂಯ್ ಅನ್ನುವ ಸದ್ದು. ಸರಿ, ಇವರದ್ದೂ ನನ್ನ ಕಥೆಯೇ ಅಂದುಕೊಂಡೆ. ಮೇಡಂ ಬಾಗಿಲು ದಾಟಿ ಒಳಗೆ ಹೋದರು. ಸದ್ದು ನಿಲ್ಲಲಿಲ್ಲ. ಏರಲೂ ಇಲ್ಲ, ಇಳಿಯಲೂ ಇಲ್ಲ. ಒಂದಿಬ್ಬರು ತಲೆ ಎತ್ತಿ ನೋಡಿ ಮತ್ತೆ ತಮ್ಮ ಕೆಲಸಕ್ಕೆ ಬಗ್ಗಿದರು. ಒಬ್ಬ ಹುಡುಗ ಕೂತಲ್ಲಿಂದಲೇ "ಮೇಡಂ, ಇಲ್ಲಿ ಭಾಗಿಸಬೇಕಾ, ಗುಣಿಸಬೇಕಾ?" ಅಂತ ಕೇಳಿದ. ಅವರು ಬಂದಿದ್ದು ಅಲ್ಲಿ ಒಂದು ಸುದ್ದಿಯೇ ಆಗಲಿಲ್ಲ.

ಪಾಪ, ಇವರಿಗೆ ಕ್ಲಾಸ್ ಮೇಲೆ ಹಿಡಿತವೇ ಇಲ್ಲ ಅಂತ ನನಗೆ ಆಗ ಅನ್ನಿಸಿತು. ಇದನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆದರೂ ಅನ್ನಿಸಿದ್ದು ಅದೇ.

ಎಷ್ಟೋ ವರ್ಷಗಳ ನಂತರ ಒಂದು ಹಳೆಯ ಪ್ರಯೋಗದ ಬಗ್ಗೆ ಓದಿದೆ. ಕರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್, ರಾಲ್ಫ್ ವೈಟ್ ಅನ್ನುವ ಮೂವರು ಅಮೆರಿಕದಲ್ಲಿ ಮಾಡಿ 1939ರಲ್ಲಿ ಪ್ರಕಟಿಸಿದ್ದು. ಹತ್ತು ವರ್ಷದ ಹುಡುಗರ ಸಣ್ಣ ಸಣ್ಣ ಗುಂಪುಗಳು. ಪ್ರತಿ ಗುಂಪಿಗೂ ಒಬ್ಬ ದೊಡ್ಡವರು ಮುಖಂಡ. ಒಂದು ಬಗೆಯ ಮುಖಂಡ ಎಲ್ಲವನ್ನೂ ತಾನೇ ಹೇಳುತ್ತಾನೆ: ಇದನ್ನು ಮಾಡು, ಈಗ ಮಾಡು, ಹೀಗೇ ಮಾಡು. ಇನ್ನೊಬ್ಬ ಹುಡುಗರ ಜೊತೆ ಕೂತು ಮಾತಾಡಿ ಕೆಲಸ ಹಂಚುತ್ತಾನೆ. ಮೂರನೆಯವನು ಕೈಬಿಟ್ಟು ಸುಮ್ನೆ ಕೂರುತ್ತಾನೆ. ಹುಡುಕಬೇಕಾಗಿದ್ದ ಉತ್ತರ ಸಿಕ್ಕಿದ್ದು ಮುಖಂಡರು ಕೋಣೆಯಿಂದ ಹೊರಗೆ ಹೋದಾಗ. ಅಪ್ಪಣೆಯ ಮೇಲೆ ನಡೆಯುತ್ತಿದ್ದ ಗುಂಪಿನಲ್ಲಿ ಆತ ಬಾಗಿಲು ದಾಟಿದ ಕೂಡಲೇ ಕೆಲಸ ಕುಸಿದುಬಿತ್ತು. ಮಾತಾಡಿಕೊಂಡು ಕೆಲಸ ಹಂಚಿಕೊಂಡ ಗುಂಪು ಹೆಚ್ಚು ಕಡಿಮೆ ಮೊದಲಿನ ಹಾಗೇ ಕೆಲಸ ಮುಂದುವರಿಸಿತು.

ಓದುತ್ತಿದ್ದ ಹಾಗೆ ಕಿವಿಯಲ್ಲಿ ನನ್ನ ಚಪ್ಪಲಿ ಸದ್ದು ಕೇಳಿಸಿತು.

ನಾವು "ಹಿಡಿತ" ಅನ್ನುವ ಪದವನ್ನು ಎಷ್ಟು ಸಲೀಸಾಗಿ ಬಳಸುತ್ತೇವೆ ನೋಡಿ. ಕ್ಲಾಸ್ ಮೇಲೆ ಹಿಡಿತ ಇದೆ, ಹಿಡಿತ ತಪ್ಪಿದೆ, ಹಿಡಿತಕ್ಕೆ ತಗೊಳ್ಳಬೇಕು. ಮುಷ್ಟಿಯಲ್ಲಿ ಹಿಡಿದದ್ದು ಮುಷ್ಟಿ ಬಿಚ್ಚಿದರೆ ಜಾರಿಹೋಗುತ್ತದೆ, ಅದು ಹಿಡಿತದ ಗುಣ. ಇನ್ನೊಂದು ಪದ "ಶಿಕ್ಷೆ". ಸಂಸ್ಕೃತದಲ್ಲಿ ಶಿಕ್ಷಾ ಅಂದರೆ ಕಲಿಕೆ. ವೇದದ ಉಚ್ಚಾರಣೆಯನ್ನು ಹೇಳಿಕೊಡುವ ಶಾಸ್ತ್ರಕ್ಕೂ ಅದೇ ಹೆಸರು. ಹಿಂದಿಯಲ್ಲಿ ಇವತ್ತಿಗೂ ಅದು ಕಲಿಕೆಯೇ. ಕನ್ನಡಕ್ಕೆ ಬರುವಷ್ಟರಲ್ಲಿ ಮಾತ್ರ ಅದು ಬೆತ್ತ ಹಿಡಿದು ನಿಂತಿದೆ. ಶಿಕ್ಷಣ ಒಂದು ಕಡೆ, ಶಿಕ್ಷೆ ಇನ್ನೊಂದು ಕಡೆ, ಎರಡಕ್ಕೂ ಬೇರು ಒಂದೇ. ಡಿಸಿಪ್ಲಿನ್ ಅನ್ನುವ ಇಂಗ್ಲಿಷ್ ಪದವೂ ಅಷ್ಟೇ, ಅದರ ಲ್ಯಾಟಿನ್ ಮೂಲದಲ್ಲಿ ಇರುವುದು ಕಲಿಯುವವನು, ಹೊಡೆಸಿಕೊಳ್ಳುವವನಲ್ಲ. ಪದಗಳು ದಾರಿ ತಪ್ಪಿದ್ದು ಹೇಗೋ ಗೊತ್ತಿಲ್ಲ. ನಾನು ತಪ್ಪಿದ್ದು ಹೇಗೆ ಅನ್ನುವುದು ಗೊತ್ತಿದೆ.

ಬೋರ್ಡಿನ ಕಡೆ ತಿರುಗಿ ಒಂದು ಸಮೀಕರಣ ಬರೆಯುತ್ತಿದ್ದೆ. ಹಿಂದಿನಿಂದ ಒಂದು ಶಿಳ್ಳೆ. ತಿರುಗಿದೆ. ಕೊನೆಯ ಬೆಂಚಿನ ಒಬ್ಬ ಹುಡುಗ ನಗುತ್ತಿದ್ದ. ಅವನ ಹೆಸರು ಅದಾಗಲೇ ನನ್ನ ತಲೆಯಲ್ಲಿ "ತರಲೆ" ಅನ್ನುವ ಖಾತೆಯಲ್ಲಿತ್ತು. ಎದ್ದು ನಿಲ್ಲಿಸಿದೆ. "ನಾನಲ್ಲ ಸರ್" ಅಂದ. ಎಲ್ಲರೂ ಅನ್ನುವುದು ಅದನ್ನೇ ಅಲ್ವಾ? ಬಾಯಿಗೆ ಬಂದಂತೆ ಬೈದೆ. ಅವನ ಮನೆಯವರ ಬಗ್ಗೆಯೂ ಒಂದು ಮಾತು ಬಂತು, ಅದನ್ನು ಇಲ್ಲಿ ಬರೆಯಲಾರೆ. ಪೀರಿಯಡ್ ಮುಗಿಯುವ ತನಕ ಬಾಗಿಲ ಹೊರಗೆ ನಿಲ್ಲಿಸಿದೆ. ಕ್ಲಾಸ್ ಸೂಜಿ ಬಿದ್ದರೆ ಕೇಳುವಷ್ಟು ಸ್ತಬ್ಧವಾಯಿತು. ಪಾಠ ಸೊಗಸಾಗಿ ನಡೆಯಿತು ಅಂತಲೇ ನಾನು ಅಂದುಕೊಂಡೆ.

ಶಿಳ್ಳೆ ಹಾಕಿದ್ದು ಅವನಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು. ಇದು ನನಗೆ ತಿಳಿದದ್ದು ಸಂಜೆ, ಅದೂ ಸ್ಟಾಫ್ ರೂಮಿನಲ್ಲಿ ಬೇರೆ ಏನೋ ಮಾತಿನ ನಡುವೆ. ಕ್ಲಾಸಿನ ಐವತ್ತು ಮಕ್ಕಳಿಗೂ ಅದು ಮೊದಲೇ ಗೊತ್ತಿತ್ತು. ನನಗೆ ಹೆಚ್ಚು ಚುಚ್ಚಿದ್ದು ಅದೇ. ನಾನು ಸೊಗಸಾದ ಪಾಠ ಮಾಡುತ್ತಿದ್ದ ಅಷ್ಟೂ ಹೊತ್ತು ಅವರೆಲ್ಲ ಒಬ್ಬ ಕುರುಡನನ್ನು ನೋಡುತ್ತಾ ಕೂತಿದ್ದರು.

ಜೇಕಬ್ ಕೌನಿನ್ ಅನ್ನುವ ಮನಶ್ಶಾಸ್ತ್ರಜ್ಞರ ಕಥೆ ಇಲ್ಲಿ ನೆನಪಾಗುತ್ತದೆ. ಅವರು ಕಾಲೇಜಿನಲ್ಲಿ ಪಾಠ ಮಾಡುವಾಗ ಒಬ್ಬ ವಿದ್ಯಾರ್ಥಿ ಪತ್ರಿಕೆ ಓದುತ್ತಾ ಕೂತಿದ್ದನಂತೆ. ಇವರು ಅವನಿಗೆ ಗದರಿದರು. ಅವನು ಪತ್ರಿಕೆ ಮಡಿಚಿದ್ದರಲ್ಲಿ ವಿಶೇಷ ಏನಿಲ್ಲ. ಏನೂ ಮಾಡದೆ ಕೂತಿದ್ದ ಉಳಿದವರೂ ತಲೆ ತಗ್ಗಿಸಿ ಮುದುಡಿಕೊಂಡರು. ಬೈಗುಳ ಒಬ್ಬನಿಗೆ, ಅದರ ಅಲೆ ಎಲ್ಲರಿಗೂ. ಇದು ಅವರ ತಲೆ ಕೊರೆಯಿತು. ಬೈಯುವ ಯಾವ ರೀತಿ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಹುಡುಕಲು ಹೊರಟರು. ಕ್ಲಾಸುಗಳ ವಿಡಿಯೋ ತೆಗೆಸಿ, ಕೂತು ನೋಡಿದರು. 1970ರಲ್ಲಿ ಅವರು ಪ್ರಕಟಿಸಿದ ಉತ್ತರ ತಮಾಷೆಯದ್ದು. ತಪ್ಪು ನಡೆದ ಮೇಲೆ ಶಿಕ್ಷಕರು ಹೇಗೆ ಬೈಯುತ್ತಾರೆ, ಮೆತ್ತಗೋ ಜೋರಾಗೋ ಸಿಟ್ಟಿನಿಂದಲೋ, ಅದರಿಂದ ಅಂಥ ವ್ಯತ್ಯಾಸವೇ ಕಾಣಲಿಲ್ಲ. ಗಲಾಟೆಯ ಕ್ಲಾಸಿನವರೂ ಶಾಂತ ಕ್ಲಾಸಿನವರೂ ಸುಮಾರಾಗಿ ಒಂದೇ ಥರ ಬೈಯುತ್ತಿದ್ದರು. ವ್ಯತ್ಯಾಸ ಇದ್ದದ್ದು ತಪ್ಪು ನಡೆಯುವುದಕ್ಕೆ ಮೊದಲು. ಶಾಂತವಾಗಿ ನಡೆಯುವ ಕ್ಲಾಸಿನ ಶಿಕ್ಷಕರಿಗೆ ಬೆನ್ನಿಗೂ ಕಣ್ಣಿದೆ ಅಂತ ಮಕ್ಕಳಿಗೆ ಅನ್ನಿಸುತ್ತಿತ್ತು. ಅವರು ಗಲಾಟೆ ಹಬ್ಬುವುದಕ್ಕೆ ಮುಂಚೆಯೇ ನೋಡುತ್ತಿದ್ದರು. ಸರಿಯಾದ ಮಗುವನ್ನೇ ಹಿಡಿಯುತ್ತಿದ್ದರು.

ಸರಿಯಾದ ಮಗುವನ್ನೇ! ಆ ಶಿಳ್ಳೆಯ ದಿನ ನಾನು ಕಳೆದುಕೊಂಡದ್ದು ಅದನ್ನೇ. ಸಿಟ್ಟು ಮಾಡಿದೆ ಅಂತ ಮಕ್ಕಳು ನನ್ನನ್ನು ಬೇಕಾದರೆ ಕ್ಷಮಿಸುತ್ತಿದ್ದರು, ಮಕ್ಕಳು ಅಷ್ಟು ಜಿಪುಣರಲ್ಲ. ಆದರೆ ನೋಡದೇ ತೀರ್ಪು ಕೊಟ್ಟೆ ನೋಡಿ, ಅಲ್ಲಿ ನನ್ನ ತೂಕ ಇಳಿಯಿತು.

ಮರುದಿನ ಕ್ಲಾಸಿನಲ್ಲಿ ನಿಂತು ನಿನ್ನೆ ನಾನು ತಪ್ಪು ಮಾಡಿದೆ, ಆಡಬಾರದ ಮಾತು ಆಡಿದೆ ಅಂತ ಹೇಳಿದೆ. ಸ್ಟಾಫ್ ರೂಮಿನಲ್ಲಿ ಇದಕ್ಕೆ ಒಳ್ಳೆಯ ಹೆಸರೇನೂ ಬರಲಿಲ್ಲ. "ಹಿಂಗೆ ಕ್ಷಮೆ ಕೇಳ್ತಾ ಹೋದ್ರೆ ನಾಳೆ ತಲೆ ಮೇಲೆ ಕೂರ್ತಾರೆ" ಅಂದರು ಒಬ್ಬರು. ಆ ಹುಡುಗ ಕಣ್ಣೀರು ಹಾಕಿ ಓಡಿ ಬಂದ ಅಂತ ಬರೆದರೆ ಕಥೆಗೆ ಚೆನ್ನಾಗಿರುತ್ತಿತ್ತು. ಅವನು ಕಿಟಕಿ ಕಡೆ ನೋಡುತ್ತಾ ಕೂತಿದ್ದ. ವರ್ಷದ ಕೊನೆಯವರೆಗೂ ನನ್ನ ಪ್ರಶ್ನೆಗಳಿಗೆ ಒಂದೊಂದೇ ಪದದಲ್ಲಿ ಉತ್ತರ ಕೊಟ್ಟ. ಶಿಳ್ಳೆ ಹಾಕಿದವನು ಯಾವತ್ತೂ ಒಪ್ಪಿಕೊಳ್ಳಲಿಲ್ಲ.

ಆದರೆ ಇನ್ನೊಂದು ಸಣ್ಣ ಬದಲಾವಣೆ ಆಯಿತು. ಒಂದೆರಡು ವಾರದ ನಂತರ ಯಾರನ್ನೋ ಗದರಲು ಬಾಯಿ ತೆಗೆದಿದ್ದೆ. ಮುಂದಿನ ಬೆಂಚಿನ ಹುಡುಗಿ ಎದ್ದು "ಸರ್, ಅವನಲ್ಲ ಮಾತಾಡಿದ್ದು" ಅಂದಳು. ಮೊದಲ ಸಲ ಕೇಳಿದಾಗ ಕೆನ್ನೆಗೆ ಬಾರಿಸಿದ ಹಾಗಾಯಿತು. ಇದೇನು, ನನ್ನನ್ನೇ ತಿದ್ದುತ್ತಾಳೆ? ಆಮೇಲೆ ನಿಧಾನಕ್ಕೆ ಹೊಳೆಯಿತು. ಮೊದಲೆಲ್ಲ ಅವರು ತಿದ್ದುತ್ತಿರಲಿಲ್ಲ, ಯಾಕೆಂದರೆ ತಿದ್ದಿ ಪ್ರಯೋಜನವಿಲ್ಲ ಅಂತ ಅವರಿಗೆ ಖಾತ್ರಿ ಇತ್ತು.

ಅಲ್ಲಿಂದ ಮುಂದೆ ನಾನು ಒಂದು ಲೆಕ್ಕ ಇಡಲು ಶುರು ಮಾಡಿದೆ. ಲೆಕ್ಕದ ಮೇಷ್ಟ್ರು ಅಲ್ವಾ, ಬೇರೆ ಏನು ಬರುತ್ತದೆ. ಗಲಾಟೆ ಯಾರು ಮಾಡಿದರು ಅಂತ ಬರೆಯುವುದನ್ನು ಬಿಟ್ಟು, ಯಾವಾಗ ಆಯಿತು ಅಂತ ಬರೆದುಕೊಂಡೆ. ಒಂದೇ ವಾರದಲ್ಲಿ ಚಿತ್ರ ಸ್ಪಷ್ಟವಾಯಿತು. ಹಾಜರಿ ಕೂಗುವಾಗ. ನೋಟ್‌ಬುಕ್ ಹಂಚುವಾಗ. ನಾನು ಬೋರ್ಡಿನ ಮೇಲೆ ಉದ್ದುದ್ದ ಬರೆಯುವಾಗ. ಒಬ್ಬನ ಲೆಕ್ಕ ತಿದ್ದುತ್ತಾ ಅವನ ಬೆಂಚಿನ ಮೇಲೆ ಬಗ್ಗಿ ನಿಂತು, ಉಳಿದ ನಲವತ್ತೊಂಬತ್ತು ಮಕ್ಕಳಿಗೆ ಬೆನ್ನು ಕೊಟ್ಟಾಗ. ಬೇಗ ಮುಗಿಸಿದವರಿಗೆ "ಸುಮ್ನೆ ಕೈ ಕಟ್ಟಿ ಕೂರಿ" ಅಂದಾಗ. ಹತ್ತು ವರ್ಷದ ಮಗುವಿಗೆ ಏಳು ನಿಮಿಷ ಸುಮ್ನೆ ಕೈ ಕಟ್ಟಿ ಕೂರಲು ಹೇಳುವುದು, ಅದು ಕೂರದಿದ್ದಾಗ ಶಿಸ್ತಿಲ್ಲ ಅನ್ನುವುದು! ದೊಡ್ಡವರು ಮೀಟಿಂಗಿನಲ್ಲಿ ಏಳು ನಿಮಿಷ ಫೋನ್ ಮುಟ್ಟದೆ ಕೂರುತ್ತಾರಾ?

ಅಂದರೆ ನಾನು ಮಕ್ಕಳ ತಂಟೆ ಅಂದುಕೊಂಡಿದ್ದರಲ್ಲಿ ಅರ್ಧಕ್ಕರ್ಧ ನನ್ನದೇ ತಯಾರಿಯ ಸಂದಿಗಳು. ಆ ಸಂದಿಗಳಲ್ಲಿ ಹುಲ್ಲು ಬೆಳೆಯುತ್ತಿತ್ತು, ನಾನು ಹುಲ್ಲಿಗೆ ಬೈಯುತ್ತಿದ್ದೆ. ನೋಟ್‌ಬುಕ್ ಹಂಚುವ ಕೆಲಸವನ್ನು ಪ್ರತಿ ಸಾಲಿನ ಒಬ್ಬೊಬ್ಬರಿಗೆ ಕೊಟ್ಟೆ. ಬೋರ್ಡಿನ ಮೇಲೆ ಬರೆಯುವಾಗ ಅಡ್ಡ ನಿಂತು, ಅರ್ಧ ಮುಖ ಅವರ ಕಡೆ ಇಟ್ಟು ಬರೆಯುವುದನ್ನು ಕಲಿತೆ. ಅಕ್ಷರ ಸೊಟ್ಟ ಆಯಿತು, ಈಗಲೂ ಸೊಟ್ಟವೇ.

ಇನ್ನೊಂದು ಕಲಿತದ್ದು ಕಾಯುವುದು. ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲಿ ಕ್ಲಾಸುಗಳ ಮಾತನ್ನು ರೆಕಾರ್ಡ್ ಮಾಡಿ, ಶಿಕ್ಷಕರು ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯುತ್ತಾರೆ ಅಂತ ಅಳೆದರು. ಸರಾಸರಿ ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದ ಮಕ್ಕಳು ಬಾಯಿ ಬಿಟ್ಟರು. ನನಗೆ ಕುತೂಹಲ ಅನ್ನಿಸಿದ್ದು ಇನ್ನೊಂದು ಸಂಗತಿ: ಶಿಕ್ಷಕರು ಗದರಬೇಕಾಗಿ ಬರುವುದೂ ಕಡಿಮೆಯಾಯಿತು. ಜೊತೆಗೆ ಅವರು ಕಂಡದ್ದು, ಜಾಣರು ಅಂತ ಶಿಕ್ಷಕರು ನಂಬಿದ ಮಕ್ಕಳಿಗೆ ಜಾಸ್ತಿ ಹೊತ್ತು ಕಾಯುತ್ತಾರೆ, ದಡ್ಡರು ಅಂತ ನಂಬಿದವರಿಗೆ ಕಡಿಮೆ. ಜಾಸ್ತಿ ಸಮಯ ಬೇಕಾದವನಿಗೇ ಕಡಿಮೆ. ಆ ಕಡಿಮೆ ಸಿಕ್ಕಿದವನು ಹಿಂದಿನ ಬೆಂಚಿಗೆ ಸರಿಯುತ್ತಾನೆ, ಅಲ್ಲಿ ಅವನಿಗೆ ಬೇರೆ ಕೆಲಸ ಸಿಗುತ್ತದೆ. ನಾನು ಮನಸ್ಸಿನಲ್ಲೇ "ಒಂದು, ಎರಡು, ಮೂರು" ಅಂತ ಎಣಿಸಲು ಶುರು ಮಾಡಿದೆ. ಮೂರು ಸೆಕೆಂಡ್ ಎಷ್ಟು ಉದ್ದ ಅಂತ ಐವತ್ತು ಜನರ ಎದುರು ನಿಂತವರಿಗೇ ಗೊತ್ತು.

ಹಾಗಾದರೆ ಕೂಗುವುದು ಅಷ್ಟು ಗಟ್ಟಿಯಾಗಿ ಅಂಟಿಕೊಳ್ಳುವುದು ಯಾಕೆ? ಪಕ್ಕದ ಕ್ಲಾಸಿನ ಮೇಡಂ ಇದನ್ನು ನನಗೆ ಒಂದೇ ಮಾತಿನಲ್ಲಿ ಬಿಡಿಸಿ ಹೇಳಿದರು. "ಅಲ್ಲಪ್ಪಾ, ನೀನು ಕೂಗಿದ ತಕ್ಷಣ ಅವರು ಸುಮ್ಮನಾಗ್ತಾರಲ್ಲ, ಅದು ಅವರು ನಿನಗೆ ಕೊಡೋ ಪೆಪ್ಪರಮೆಂಟು. ಅವರು ನಿನ್ನ ಪಳಗಿಸ್ತಾ ಇದಾರೆ." ಸರಿಯೇ. ಎರಡು ನಿಮಿಷ ಬಿಟ್ಟು ಗದ್ದಲ ಮತ್ತೆ ಬರುತ್ತದೆ, ಆದರೆ ಆ ಕ್ಷಣದ ನಿಶ್ಶಬ್ದ ಎಷ್ಟು ಸಿಹಿ ಅಂದರೆ ನಾಳೆ ಇನ್ನೂ ಸ್ವಲ್ಪ ಜೋರಾಗಿ ಕೂಗುತ್ತೇವೆ. ಮಕ್ಕಳ ಕಿವಿಗೆ ಅದು ಅಭ್ಯಾಸವಾಗುತ್ತದೆ. ಗಂಟಲು ಹೋಗುವುದು ನಮ್ಮದು.

ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಸುವ ಪದ್ಧತಿಯ ಬಗ್ಗೆಯೂ ಹೇಳಬೇಕು. ಮೇಷ್ಟ್ರು ಇಲ್ಲದಾಗ ಲೀಡರ್ ಹೆಸರು ಬರೆಯುತ್ತಾನೆ, ಮತ್ತೆ ಮಾತಾಡಿದರೆ ಪಕ್ಕದಲ್ಲಿ ಒಂದು ಗುಣಾಕಾರ ಚಿಹ್ನೆ. ಅಮೆರಿಕದಲ್ಲಿ ಲೀ ಕ್ಯಾಂಟರ್ ಮತ್ತು ಮಾರ್ಲೀನ್ ಕ್ಯಾಂಟರ್ ದಂಪತಿ 1976ರಲ್ಲಿ ಇದಕ್ಕೆ ಹತ್ತಿರದ ಒಂದು ಪದ್ಧತಿಯನ್ನು ಶಿಕ್ಷಕರಿಗೆ ಕಲಿಸಿ ಬಹಳ ಜನಪ್ರಿಯ ಮಾಡಿದರು. ಅಲ್ಲಿ ಹೆಸರು ಬರೆಯುವವರು ಶಿಕ್ಷಕರೇ. ಎಲ್ಲರೆದುರು ಹೆಸರು ಬರೆಯುವುದು ಮಕ್ಕಳಿಗೆ ಅವಮಾನ ಅನ್ನುವ ಟೀಕೆ ಬಂದ ಮೇಲೆ ಬೋರ್ಡ್ ಬಿಟ್ಟು ಶಿಕ್ಷಕರೇ ತಮ್ಮ ಹತ್ತಿರ ಬರೆದಿಟ್ಟುಕೊಳ್ಳಲಿ ಅಂತ ಬದಲಾಯಿಸಿದರು. ನಾನು ನನ್ನ ಕ್ಲಾಸಿನಲ್ಲಿ ಇದನ್ನು ನಿಲ್ಲಿಸಿದ್ದಕ್ಕೆ ಕಾರಣ ಬೇರೆ. ಒಮ್ಮೆ ಕಿಟಕಿಯಿಂದ ನೋಡಿದೆ, ಒಬ್ಬ ಹುಡುಗ ಲೀಡರಿಗೆ ಹೊಸ ಪೆನ್ಸಿಲ್ ಕೊಟ್ಟು ತನ್ನ ಹೆಸರು ಅಳಿಸಿಕೊಂಡ. ಕೊಡಲು ಏನೂ ಇಲ್ಲದವನ ಹೆಸರು ಅಲ್ಲೇ ಇತ್ತು. ಐದು ನಿಮಿಷಕ್ಕೆ ನನ್ನ ಅಧಿಕಾರವನ್ನು ಒಂದು ಮಗುವಿನ ಕೈಗೆ ಕೊಟ್ಟು ಹೋಗಿದ್ದೆ, ಅದು ಆಗಲೇ ಲಂಚ ತಿನ್ನುತ್ತಿತ್ತು.

ಹೊಡೆಯುವುದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅದು ಮುಗಿದ ವಾದ ಅಂತ ನನ್ನ ಲೆಕ್ಕ. ಪೋಲೆಂಡ್ ಶಾಲೆಗಳಲ್ಲಿ ಹೊಡೆಯುವುದನ್ನು ನಿಷೇಧಿಸಿದ್ದು 1783ರಲ್ಲಿ. ಬ್ರಿಟನ್ನಿನ ಸರ್ಕಾರಿ ಶಾಲೆಗಳಿಂದ ಬೆತ್ತ ಹೊರಗೆ ಹೋಗಲು 1987 ಬರಬೇಕಾಯಿತು. ನಡುವೆ ಇನ್ನೂರು ವರ್ಷ! 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿ, ಶಾಲೆಯ ಶಿಸ್ತು ಮಗುವಿನ ಘನತೆಗೆ ತಕ್ಕಂತೆ ಇರಬೇಕು ಅನ್ನುತ್ತದೆ. ಘನತೆ ಅನ್ನುವ ಪದವನ್ನು ಗಮನಿಸಿ. ಕೋಲು ಬಿಟ್ಟರೂ ಘನತೆಗೆ ಪೆಟ್ಟು ಕೊಡಬಹುದು. ಬೆತ್ತ ಹೋದ ಮೇಲೆ ನಮ್ಮಲ್ಲಿ ಎಷ್ಟೋ ಜನ ನಾಲಿಗೆಯನ್ನು ಚೂಪು ಮಾಡಿಕೊಂಡೆವು. ಮೇಷ್ಟ್ರು ತಮಾಷೆಗೆ ಇಟ್ಟ ಒಂದು ಅಡ್ಡಹೆಸರು ಶಾಲೆ ಬಿಡುವ ತನಕ ಮಗುವಿನ ಬೆನ್ನು ಬಿಡುವುದಿಲ್ಲ. ಇಡೀ ಕ್ಲಾಸ್ ನಗುತ್ತದೆ, ಆ ಮಗುವೂ ನಗುತ್ತದೆ. ಆ ನಗುವನ್ನು ನಂಬಬೇಡಿ.

ಇಷ್ಟೆಲ್ಲ ಓದಿ, ಹಾಗಾದರೆ ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಬೇಕಾ ಅಂತ ಯಾರಾದರೂ ಕೇಳಿದರೆ, ಖಂಡಿತ ಬೇಡ. ಹೊಸದಾಗಿ ಬಂದ ಎಳೆಯ ಶಿಕ್ಷಕರಲ್ಲಿ ಕೆಲವರು "ನಾನು ಮಕ್ಕಳ ಫ್ರೆಂಡ್" ಅನ್ನುತ್ತಾ ಬರುತ್ತಾರೆ. ಮಕ್ಕಳಿಗೆ ಫ್ರೆಂಡ್ಸ್ ಬೇಕಾದಷ್ಟು ಇದ್ದಾರೆ. ಮೇಷ್ಟ್ರು ಇರುವುದು ಒಬ್ಬರೇ. ಲೆವಿನ್ ಅವರ ಪ್ರಯೋಗದಲ್ಲಿ ಮೂರನೇ ಬಗೆಯ ಮುಖಂಡ ಕೈಬಿಟ್ಟು ಕೂತಿದ್ದನಲ್ಲ, ಅವನ ಗುಂಪು ಮಾಡಿದ ಕೆಲಸವೂ ಅಷ್ಟಕ್ಕಷ್ಟೇ. ಅದಕ್ಕಿಂತ ದೊಡ್ಡ ತೊಂದರೆಯನ್ನು ನಾನು ನನ್ನ ಕಣ್ಣಾರೆ ನೋಡಿದ್ದೇನೆ. ಮೇಷ್ಟ್ರು ಬಿಟ್ಟ ಕುರ್ಚಿ ಖಾಲಿ ಇರುವುದಿಲ್ಲ. ಕ್ಲಾಸಿನಲ್ಲಿ ಅತಿ ಗಟ್ಟಿ ದನಿಯ, ಅತಿ ಗಟ್ಟಿ ಮೈಯ ಹುಡುಗ ಅಲ್ಲಿ ಕೂರುತ್ತಾನೆ. ಯಾರು ಎಲ್ಲಿ ಕೂರಬೇಕು, ಯಾರು ಉತ್ತರ ಹೇಳಿದರೆ ನಗಬೇಕು, ಎಲ್ಲ ಅವನದೇ ಕಾನೂನು. ತೊದಲುವ ಮಗು, ಸಣಕಲು ಮಗು, ಹೊಸದಾಗಿ ಸೇರಿದ ಮಗು, ಇವರು ಶಿಸ್ತಿಲ್ಲದ ಕ್ಲಾಸಿಗೆ ತೆರುವ ಬೆಲೆ ಸ್ಟಾಫ್ ರೂಮಿಗೆ ಕಾಣುವುದೇ ಇಲ್ಲ. ಮೆತ್ತಗಿನ ಮೇಷ್ಟ್ರು ಪಾಪ ಒಳ್ಳೆಯವರು ಅಂತ ಎಲ್ಲರೂ ಹೇಳುತ್ತಾರೆ. ಆ ಸಣಕಲು ಮಗುವನ್ನು ಕೇಳಿ ನೋಡಿ.

ಅದಕ್ಕೇ ನನ್ನ ಕ್ಲಾಸಿನಲ್ಲಿ ಒಂದು ವಿಷಯದಲ್ಲಿ ಮಾತ್ರ ಚೌಕಾಶಿ ಇರಲಿಲ್ಲ. ಯಾರಾದರೂ ತಪ್ಪು ಉತ್ತರ ಹೇಳಿದಾಗ ನಗುವಂತಿಲ್ಲ. ಕಾಗದದ ರಾಕೆಟ್ಟು, ಪಿಸುಮಾತು, ಮರೆತು ಬಂದ ನೋಟ್‌ಬುಕ್ಕು, ಇವಕ್ಕೆಲ್ಲ ಒಂದೊಂದು ದಿನ ಒಂದೊಂದು ನ್ಯಾಯ. ಆದರೆ ಅಂಥ ನಗು ಕೇಳಿದರೆ ಪಾಠ ನಿಲ್ಲುತ್ತಿತ್ತು. ಕೂಗುತ್ತಿರಲಿಲ್ಲ. ಚಾಕ್‌ಪೀಸ್ ಕೆಳಗಿಟ್ಟು, ನಕ್ಕವನ ಹತ್ತಿರ ಹೋಗಿ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದೆ. ಉಳಿದವರಿಗೆ ಏನು ಹೇಳಿದೆ ಅಂತ ಕೇಳುತ್ತಿರಲಿಲ್ಲ. ಅದು ಅವರಿಗೆ ಬೈಗುಳಕ್ಕಿಂತ ಜಾಸ್ತಿ ಕಾಡುತ್ತಿತ್ತು ಅಂತ ಕಾಣುತ್ತದೆ.

ಶಿಕ್ಷಕರ ಕಷ್ಟವೂ ಸಣ್ಣದಲ್ಲ. ಇದನ್ನು ಹೇಳದಿದ್ದರೆ ಸ್ಟಾಫ್ ರೂಮಿಗೆ ಮತ್ತೆ ಮುಖ ತೋರಿಸುವ ಹಾಗಿಲ್ಲ. ಮೇಲಿನವರು ಪೋರ್ಷನ್ ಮುಗಿಸಿ ಅನ್ನುತ್ತಾರೆ, ಮನೆಯವರು ನಮ್ಮ ಮಗುವಿಗೆ ಯಾಕೆ ಹಾಗಂದಿರಿ ಅನ್ನುತ್ತಾರೆ, ಅದೇ ಮನೆಯವರು ಇನ್ನೊಂದು ದಿನ ಬಂದು "ಸ್ವಲ್ಪ ಬಿಗಿ ಮಾಡಿ ಸರ್, ನಮ್ಮ ಮಾತು ಕೇಳಲ್ಲ" ಅನ್ನುತ್ತಾರೆ. ಐವತ್ತು ಮಕ್ಕಳ ನಡುವೆ ಬೆನ್ನಿಗೂ ಕಣ್ಣಿರಲಿ ಅನ್ನುವುದು ಸುಲಭ. ದಿನಕ್ಕೆ ಆರು ಪೀರಿಯಡ್ ಮಾಡಿದ ಮೇಲೆ ಮುಖದ ಕಣ್ಣೇ ತೆರೆದಿರುವುದಿಲ್ಲ. ನಾನು ಕೆಟ್ಟದಾಗಿ ಕೂಗಿದ ದಿನಗಳನ್ನು ತಿರುಗಿ ನೋಡಿದರೆ, ಬಹುಪಾಲು ಮಧ್ಯಾಹ್ನದ ನಂತರದ ಪೀರಿಯಡ್‌ಗಳು. ಮಕ್ಕಳು ಅವತ್ತು ವಿಶೇಷ ಏನೂ ಮಾಡಿರಲಿಲ್ಲ. ನಾನು ದಣಿದಿದ್ದೆ.

ನಿವೃತ್ತಿಗೆ ಎರಡು ವರ್ಷ ಇತ್ತು. ಮತ್ತದೇ ಸಹಿ, ಮತ್ತದೇ ಆಫೀಸ್ ರೂಮು. ವಾಪಸ್ ಬರುವಾಗ ಕಾರಿಡಾರಿನಲ್ಲೇ ಗದ್ದಲ ಕೇಳಿಸಿತು. ಬಾಗಿಲಲ್ಲಿ ನಿಂತೆ. ಬೋರ್ಡಿನ ಹತ್ತಿರ ಆರೇಳು ಮಕ್ಕಳು ಒಂದು ಲೆಕ್ಕದ ಬಗ್ಗೆ ಜಗಳ ಆಡುತ್ತಿದ್ದರು, ಒಬ್ಬಳು ಇನ್ನೊಬ್ಬಳು ಬರೆದದ್ದನ್ನು ಅಂಗೈಯಲ್ಲೇ ಒರೆಸುತ್ತಿದ್ದಳು. ನಡುವಿನ ಸಾಲುಗಳಲ್ಲಿ ಕೆಲವರು ಬರೆಯುತ್ತಿದ್ದರು, ಕೆಲವರು ಹರಟುತ್ತಿದ್ದರು. ಹಿಂದಿನ ಬೆಂಚಿನಿಂದ ಒಂದು ಕಾಗದದ ರಾಕೆಟ್ಟು ಸುತ್ತು ಹಾಕಿ ಬಂದು ನನ್ನ ಚಪ್ಪಲಿ ಮೇಲೆ ಬಿತ್ತು. ಎಸೆದವನು ಎಸೆದ ಭಂಗಿಯಲ್ಲೇ ಕೈ ಮೇಲೆತ್ತಿ ನಿಂತಿದ್ದ. ಈ ಸಲ ಯಾರು ಅಂತ ಹುಡುಕುವ ಕೆಲಸ ಇರಲಿಲ್ಲ.

ಬಗ್ಗಿ ಎತ್ತಿಕೊಂಡೆ. ಬಿಚ್ಚಿ ನೋಡಿದರೆ ನಾನು ಹೋಗುವ ಮುಂಚೆ ಕೊಟ್ಟ ಲೆಕ್ಕ. ಅರ್ಧ ಮಾಡಿ, ಸಿಕ್ಕಿಹಾಕಿಕೊಂಡು, ಬೇಜಾರಾಗಿ ರಾಕೆಟ್ ಮಾಡಿದ್ದ. ಅವನ ಬೆಂಚಿಗೆ ಹೋಗಿ ಹಾಳೆಯನ್ನು ಮುಂದೆ ಇಟ್ಟು, ಮಡಿಕೆಗಳನ್ನು ಕೈಯಿಂದ ಸವರಿದೆ.

"ಮೂರನೇ ಸಾಲಲ್ಲಿ ಮೈನಸ್ ಬಿಟ್ಟಿದ್ದೀಯ ನೋಡು" ಅಂದೆ.